ಸಾಲ್ಮನ್ ಹೇನು
ಅಟ್ಲಾಂಟಿಕ್ ಸಾಲ್ಮನ್ ಮೀನಿನ ಲೋಳೆ, ಚರ್ಮ, ರಕ್ತ ತಿಂದು ಬದುಕುವ ಕಡಲ ಪರೋಪಜೀವಿ. ಶಾಸ್ತ್ರೀಯ ನಾಮ ಲೆಪಿಯಾಫ್ತೀರಸ್ ಸಾಲ್ಮೋನಿಸ್. ಹೆಸರಿಗಷ್ಟೇ ಹೇನು, ನಿಜಕ್ಕೆ ಸಿಗಡಿ-ಏಡಿಗಳ ಬಳಗದ್ದು. ನಾರ್ವೆ, ಸ್ಕಾಟ್ಲೆಂಡ್‌ಗಳ ಪಂಜರ ಮೀನುಕೃಷಿಗೆ ದೊಡ್ಡ ಪಿಡುಗು.

ಇದರ ಜೀವನಚಕ್ರಕ್ಕೆ ನಡುವಿನ ಆತಿಥೇಯ ಬೇಕಿಲ್ಲ. ಹೆಣ್ಣಿನ ಹಿಂದೆ ದಾರದಂಥ ಎರಡು ಮೊಟ್ಟೆಸರಗಳು, ಒಂದೊಂದರಲ್ಲೂ ನೂರಾರು ಮೊಟ್ಟೆ. ಮರಿ ನಾಪ್ಲಿಯಸ್ ಎಂಬ ಮೊದಲ ಎರಡು ಹಂತ ದಾಟಿ ಕೋಪಿಪೋಡಿಡ್ ಎಂಬ ಹಂತಕ್ಕೆ ಬರುತ್ತದೆ. ಸೋಂಕು ತಗಲಿಸುವುದು ಇದೇ. ಮೀನಿಗೆ ಅಂಟುವತನಕ ಊಟವಿಲ್ಲ, ಮೊಟ್ಟೆಯಿಂದ ತಂದ ಬಂಡಾರವೇ ಬುತ್ತಿ. ಅದು ತೀರುವುದರೊಳಗೆ ಮೀನು ಸಿಗದಿದ್ದರೆ ಸಾವು. ತೆರೆದ ಕಡಲಲ್ಲಿ ಇದೊಂದು ಜೂಜು. ಸಾವಿರಾರು ಮೀನು ಒತ್ತೊತ್ತಾಗಿ ಈಜುವ ಪಂಜರದಲ್ಲಿ ಗೆಲುವು ಸಲೀಸು. ಅಂಟಿದ ಮೇಲೆ ಎರಡು ಕ್ಯಾಲಿಮಸ್ ಹಂತಗಳನ್ನು ಎಳೆಯೊಂದರಿಂದ ಮೀನಿಗೆ ಬಿಗಿದುಕೊಂಡೇ ಕಳೆಯುತ್ತದೆ. ಮುಂದಿನ ಎರಡು ಪೂರ್ವಪ್ರೌಢ ಹಂತಗಳಲ್ಲೂ ಪ್ರೌಢಾವಸ್ಥೆಯಲ್ಲೂ ಮೀನಿನ ಮೈಮೇಲೆ ಹರಿದಾಡುತ್ತ ಮೇಯುತ್ತದೆ; ಗಾಯ ದೊಡ್ಡದಾಗುವುದು ಆಗಲೇ. ಒಟ್ಟು 8 ಹಂತ. ಹಳೆಯ ಪುಸ್ತಕಗಳ 10 ಎಂಬ ಎಣಿಕೆ 2013ರಲ್ಲಿ ತಿದ್ದಲ್ಪಟ್ಟಿತು. 10 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪ್ರೌಢವಾಗಲು ಗಂಡಿಗೆ ಸುಮಾರು 40 ದಿನ, ಹೆಣ್ಣಿಗೆ 50. ನೀರು ಬಿಸಿಯಾದಷ್ಟೂ ಬೇಗ.

ಹೇನು ಕೊಲ್ಲಲು ಬಳಸುವ ಎಮಾಮೆಕ್ಟಿನ್ ಮದ್ದಿಗೆ ಅದು ಹಲವೆಡೆ ಜಗ್ಗದಾಗಿದೆ. ಹಾಗಾಗಿ ಹೇನು ಹೆಕ್ಕಿ ತಿನ್ನುವ ರಾಸ್, ಲಂಪ್ ಮೀನುಗಳನ್ನು ಪಂಜರಕ್ಕೆ ಬಿಡುತ್ತಾರೆ. ಹೇನು ಕಳೆಯಲು ಮೀನಿಗೆ ಸಿಹಿನೀರಿನ ಸ್ನಾನವೂ ಉಂಟು.