ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯ, ನವದೆಹಲಿ: ಪುನರುಜ್ಜೀವನ ಮತ್ತು ಕುಶಲಕರ್ಮಿಗಳಿಗೆ ಮಾಹಿತಿ

ನವದೆಹಲಿಯ ಪುರಾನಾ ಕಿಲಾದ ಎದುರಿಗಿರುವ ಈ ಸಂಗ್ರಹಾಲಯವು ಕೇಂದ್ರ ಜವಳಿ ಸಚಿವಾಲಯದ ಅಧೀನದಲ್ಲಿದೆ. 1952ರಲ್ಲಿ ರಚಿತವಾದ ಅಖಿಲ ಭಾರತ ಕರಕುಶಲ ಮಂಡಳಿಯು, ಮಂಗಳೂರಿನಲ್ಲಿ ಜನಿಸಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರ ನೇತೃತ್ವದಲ್ಲಿ ಆ ದಶಕದಲ್ಲಿಯೇ ಸಂಗ್ರಹಕಾರ್ಯವನ್ನು ಆರಂಭಿಸಿತು. (ಮಂಡಳಿಯನ್ನು 2020ರಲ್ಲಿ ರದ್ದುಪಡಿಸಲಾಗಿದೆ.) ಕಟ್ಟಡದ ವಿನ್ಯಾಸವು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದು. ಸಂಗ್ರಹದಲ್ಲಿ 30,000ಕ್ಕೂ ಹೆಚ್ಚು ವಸ್ತುಗಳಿದ್ದು, ಕರಾವಳಿ ಕರ್ನಾಟಕದ ಮೆಕ್ಕೆಕಟ್ಟಿನ ಭೂತಗಳ ಮರದ ಮೂರ್ತಿಗಳೂ ಸೇರಿವೆ.

ಇವುಗಳನ್ನು ಕೇವಲ ವೀಕ್ಷಕರಿಗಾಗಿ ಕೂಡಿಸಿದ್ದಲ್ಲ. ಮಾರುಕಟ್ಟೆಯ ಒತ್ತಡದಲ್ಲಿ ಹಳೆಯ ನಮೂನೆಗಳು ಮರೆಯಾಗುತ್ತಿದ್ದಾಗ, ಕುಶಲಕರ್ಮಿಯು ಮೂಲ ವಸ್ತುವನ್ನು ಕಣ್ಣಾರೆ ಕಂಡು ಮುಂದಿನ ಕೆಲಸ ಕೈಗೊಳ್ಳಲೆಂಬುದು ಮೂಲ ಆಶಯವಾಗಿತ್ತು. ಆವರಣದಲ್ಲಿ ಕುಶಲಕರ್ಮಿಗಳು ತಂಗಿದ್ದು, ತಯಾರಿಕೆಯನ್ನು ತೋರಿಸಿ, ನೇರವಾಗಿ ಮಾರಾಟ ಮಾಡುವ ವ್ಯವಸ್ಥೆಯೂ ಇದೇ ಆಶಯದ ಭಾಗ. ಮಧ್ಯವರ್ತಿಯ ಪಾಲು ಕಳೆಯದೆ ಬೆಲೆ ಕೈಸೇರುವುದು ಸಣ್ಣ ಲಾಭವಲ್ಲ.

2010ರ ದಶಕದಲ್ಲಿ ಸಂಗ್ರಹಾಲಯದ ನವೀಕರಣ ಕೈಗೊಳ್ಳಲಾಯಿತು. ಮುಂದೆ ಹಸ್ತಕಲಾ ಅಕಾಡೆಮಿ ಎಂಬ ಪದವೂ ಸಂಸ್ಥೆಯ ಹೆಸರಿಗೆ ಸೇರಿತು. ಈ ಅವಧಿಯ ಒಂದು ನಷ್ಟವನ್ನು ಇಲ್ಲಿ ದಾಖಲಿಸುವುದು ಅವಶ್ಯ. ಮಿಥಿಲಾ ಚಿತ್ರಕಲಾವಿದೆ, ಪದ್ಮಶ್ರೀ ಪುರಸ್ಕೃತ ಗಂಗಾದೇವಿಯವರು ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿದ್ದ ದಿನಗಳಲ್ಲಿ ಸಂಗ್ರಹಾಲಯದ ಗೋಡೆಗಳ ಮೇಲೆ ಕೋಹಬರ್ ಘರ್, ಅಂದರೆ ಮಿಥಿಲೆಯ ಮದುವೆಯ ಕೋಣೆಯನ್ನು ಚಿತ್ರಿಸಿದ್ದರು, 1991ರಲ್ಲಿ ನಿಧನರಾದರು. ಆ ಚಿತ್ರಗಳ ಮೇಲೆ ಸುಣ್ಣ ಬಳಿಯಲಾದ ಸಂಗತಿ 2015ರಲ್ಲಿ ಬೆಳಕಿಗೆ ಬಂದಿತು. ಅಮೆರಿಕ ಪ್ರವಾಸವನ್ನೂ ತಮ್ಮ ಕಾಯಿಲೆಯನ್ನೂ ಅದೇ ಸಾಂಪ್ರದಾಯಿಕ ರೇಖೆಗಳಲ್ಲಿ ಚಿತ್ರಿಸಿದ ಕಲಾವಿದೆ ಅವರು. ಪರಂಪರೆ ಬೇರೆ, ಸಮಕಾಲೀನತೆ ಬೇರೆ ಎಂಬ ವಿಂಗಡಣೆ ಅವರ ಕೃತಿಗಳಿಗೆ ಅನ್ವಯಿಸದು. ಕಪಾಟಿನ ವಸ್ತುವಿಗೆ ದಾಸ್ತಾನು ಪುಸ್ತಕದಲ್ಲಿ ಕ್ರಮಸಂಖ್ಯೆ ಇರುತ್ತದೆ, ಅದು ಕಾಣೆಯಾದರೆ ಲೆಕ್ಕಕ್ಕೆ ಸಿಗುತ್ತದೆ. ಗೋಡೆಯ ಚಿತ್ರವನ್ನು ಕಟ್ಟಡದ ಭಾಗವೆಂದು ಭಾವಿಸುವುದು ಸುಲಭ. ಆದುದರಿಂದ ಯಾವುದೇ ನವೀಕರಣಕ್ಕೆ ಮೊದಲು ಗೋಡೆಯ ಕೃತಿಗಳನ್ನೂ ದಾಸ್ತಾನಿಗೆ ಸೇರಿಸಿ, ಛಾಯಾಚಿತ್ರ ಸಹಿತ ದಾಖಲಿಸುವುದು ಸೂಕ್ತ.

ಕೇಂದ್ರದ ಕರಕುಶಲ ಯೋಜನೆಗಳ ಸೌಲಭ್ಯ ಬಯಸುವ ಕುಶಲಕರ್ಮಿಗಳು ಮೊದಲು, 2016ರಲ್ಲಿ ಜಾರಿಗೆ ಬಂದ ‘ಪೆಹಚಾನ್’ ಗುರುತಿನ ಚೀಟಿಯನ್ನು ಪಡೆದಿರುವುದು ಒಳಿತು. ಅಭಿವೃದ್ಧಿ ಆಯುಕ್ತರ (ಕರಕುಶಲ) ಕ್ಷೇತ್ರ ಕಛೇರಿಯಲ್ಲಿ ಈ ಬಗ್ಗೆ ವಿಚಾರಿಸಬಹುದು. ಸಂಗ್ರಹಾಲಯಕ್ಕೆ ಸೋಮವಾರ ರಜೆ ಇರುತ್ತದೆ.