ಭೀಮೆಯ ಎರಡು ದಂಡೆ, ಇಪ್ಪತ್ತೈದನೇ ವರ್ಷ

ಪುಣೆ ಜಿಲ್ಲೆಯ ಇಂದಾಪುರ ತಾಲೂಕಿಗೆ ಒಂದು ಕಡೆ ಭೀಮೆ, ಇನ್ನೊಂದು ಕಡೆ ನೀರಾ ನದಿ. ಎರಡೂ ಕೂಡುವುದು ನರಸಿಂಗಪುರದಲ್ಲಿ. ಅಲ್ಲಿನ ನರಸಿಂಹ ಉತ್ತರ ಕರ್ನಾಟಕದ ಎಷ್ಟೋ ಮನೆತನಗಳಿಗೆ ಕುಲದೈವ. ಎರಡು ನದಿಗಳಿದ್ದರೂ ಇದು ಮಳೆ ನೆಚ್ಚಲಾಗದ ಸೀಮೆ.

1972ರಲ್ಲಿ ದೇಶದ ಸ್ವಾತಂತ್ರ್ಯಕ್ಕೆ 25 ತುಂಬಿತು. ದೆಹಲಿಯಲ್ಲಿ ಆಗಸ್ಟ್ 14ರ ನಡುರಾತ್ರಿ ಸಂಸತ್ತು ಸೇರಿತು. ಹೋರಾಟಗಾರರಿಗೆ ತಾಮ್ರಪತ್ರ ಕೊಟ್ಟರು, ಕೇಂದ್ರದ ಪಿಂಚಣಿ ಶುರುವಾಯಿತು. ಇಂದಾಪುರದಂಥ ತಾಲೂಕು ಊರುಗಳಿಗೆಂದು ಯೋಜಿಸಿದ್ದು ಒಂದು ಕಲ್ಲು. ಪ್ರತಿ ಅಭಿವೃದ್ಧಿ ಬ್ಲಾಕಿನಲ್ಲೂ ಒಂದು ಸ್ಮಾರಕ ನಿಲ್ಲಬೇಕು, ಅದರ ಮೇಲೆ ಸಂವಿಧಾನದ ಪ್ರಸ್ತಾವನೆಯೂ ಆ ಭಾಗದ ಹೋರಾಟಗಾರರ ಹೆಸರುಗಳೂ ಇರಬೇಕು ಎಂಬುದು ಆಲೋಚನೆ. ಇಂದಿಗೂ ಹಲವು ತಾಲೂಕು ಕಚೇರಿಗಳ ಅಂಗಳದಲ್ಲಿ ಅಂಥ ಕಲ್ಲುಗಳಿವೆ.

ಮೆರವಣಿಗೆ, ಭಾಷಣ, ಸಿಹಿ ಹಂಚುವುದು ಯಾವ ಉತ್ಸವ ಸಮಿತಿಗೂ ಕಷ್ಟವಲ್ಲ. ಕಷ್ಟವಿರುವುದು ಎರಡರಲ್ಲಿ: ಯಾರ ಹೆಸರು, ಯಾವ ದಿನ.

ಹೆಸರಿನ ವಿಷಯದಲ್ಲಿ ಆ ಕಾಲ ತ್ಯಾಗವನ್ನು ಹೇಗೆ ಅಳೆಯಿತು ಎಂಬುದು ಪಿಂಚಣಿಯ ನಿಯಮದಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಕನಿಷ್ಠ 6 ತಿಂಗಳ ಸೆರೆವಾಸ, ಇಲ್ಲವೇ ಅಷ್ಟೇ ಕಾಲದ ಭೂಗತ ಜೀವನ ಬೇಕಿತ್ತು. ಅದಕ್ಕೆ ದಾಖಲೆಯೂ ಬೇಕಿತ್ತು. ಭೂಗತರಾದವರಿಗೆ ರಾತ್ರಿ ರೊಟ್ಟಿ ಬಡಿದುಕೊಟ್ಟ ಹೆಂಗಸಿನ ಬಳಿ ಯಾವ ಜೈಲಿನ ಪತ್ರವಿದ್ದೀತು? ಮಹಿಳೆಯರಿಗೂ ಪರಿಶಿಷ್ಟರಿಗೂ ಸೆರೆವಾಸದ ಅವಧಿ 3 ತಿಂಗಳಿಗೆ ಇಳಿದದ್ದು ಆಮೇಲೆ.

ಉತ್ಸವದ ಆ ವರ್ಷವೇ ಮಹಾರಾಷ್ಟ್ರಕ್ಕೆ ಭೀಕರ ಬರ ಬಂತು. ರೈತರು, ಅದರಲ್ಲೂ ಹೆಂಗಸರು, ಪರಿಹಾರ ಕಾಮಗಾರಿಗಳಲ್ಲಿ ಕೂತು ರಸ್ತೆಗೆ ಜಲ್ಲಿ ಒಡೆದರು. 1973ರ ಮೇ ಹೊತ್ತಿಗೆ ರಾಜ್ಯದಲ್ಲಿ ಸುಮಾರು 50 ಲಕ್ಷ ಜನ ಇಂಥ ಕೆಲಸದಲ್ಲಿದ್ದರು. ಆ ಬರದ ಅನುಭವದಿಂದಲೇ ಉದ್ಯೋಗ ಖಾತರಿ ಯೋಜನೆ ಗಟ್ಟಿಯಾಗಿ, 1977ರಲ್ಲಿ ಕಾಯ್ದೆಯಾಯಿತು. ಬೆಳ್ಳಿಹಬ್ಬದ ವರ್ಷ ಹಳ್ಳಿಯವರ ಕೈಗೆ ಬಂದ ಕಲ್ಲು ಹೆಸರು ಕೆತ್ತುವ ಕಲ್ಲಲ್ಲ, ಒಡೆಯುವ ಕಲ್ಲು.

ದಿನದ ಪ್ರಶ್ನೆ ಅರ್ಥವಾಗಬೇಕಾದರೆ ಇದೇ ಭೀಮೆಯ ಜೊತೆ ಪಂಢರಪುರ ದಾಟಿ ಕರ್ನಾಟಕಕ್ಕೆ ಇಳಿಯಬೇಕು. 1947ರಲ್ಲಿ ಬಲದಂಡೆಯ ಕಡೆಯ ಇಂಡಿ, ಸಿಂದಗಿ ತಾಲೂಕುಗಳು ಇಂದಾಪುರದಂತೆಯೇ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ಎಡದಂಡೆಯ ಕಡೆಯ ಗಾಣಗಾಪುರ ನಿಜಾಮನ ರಾಜ್ಯದಲ್ಲಿತ್ತು. ಆಗಸ್ಟ್ 15ರಂದು ಒಂದು ದಂಡೆಯಲ್ಲಿ ಹಬ್ಬವಾದ ಧ್ವಜ ಇನ್ನೊಂದು ದಂಡೆಯಲ್ಲಿ ಅಪರಾಧ. ಸಿಂದಗಿಯಲ್ಲಿ ಹುಟ್ಟಿ ಹೈದರಾಬಾದ್ ವಿಮೋಚನೆಯ ಮುಂದಾಳಾದ ಸ್ವಾಮಿ ರಮಾನಂದ ತೀರ್ಥರು ಬಂಧನಕ್ಕೊಳಗಾದದ್ದು ಅದೇ ದಿನ. ಕಲಬುರಗಿ, ಬೀದರ, ರಾಯಚೂರಿಗೆ ನಿಜಾಮನ ಆಳ್ವಿಕೆ ತೊಲಗಿದ್ದು 1948ರ ಸೆಪ್ಟೆಂಬರ್ 17ರಂದು.

ಹಾಗಾದರೆ ಗಾಣಗಾಪುರದ ಮಟ್ಟಿಗೆ 25 ತುಂಬುವುದು 1973ರಲ್ಲಿ. ಆದರೆ ರಾಷ್ಟ್ರದ ಕ್ಯಾಲೆಂಡರಿಗೆ ಒಂದೇ ದಿನ. ರಮಾನಂದ ತೀರ್ಥರು ಆ ದಿನವನ್ನೂ ಕಾಣಲಿಲ್ಲ. 1972ರ ಜನವರಿಯಲ್ಲಿ ತೀರಿಕೊಂಡಿದ್ದರು.

ಮುಂದೆ ಈ ಲೆಕ್ಕ ತುಸು ಸರಿಹೋಯಿತು. ಹೈದರಾಬಾದ್ ಹೋರಾಟದವರೂ ಪಿಂಚಣಿಯ ವ್ಯಾಪ್ತಿಗೆ ಬಂದರು. ಸೆಪ್ಟೆಂಬರ್ 17 ಮಹಾರಾಷ್ಟ್ರದಲ್ಲಿ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. ಕರ್ನಾಟಕದಲ್ಲಿ ಮೊದಲು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಹೊಸ ಹೆಸರಿನಲ್ಲಿ 'ವಿಮೋಚನೆ' ಇಲ್ಲ. ಯಾರಿಂದ, ಯಾವಾಗ ಬಿಡುಗಡೆ ಎಂದು ಗೊತ್ತಾಗುತ್ತಿದ್ದದ್ದು ಆ ಪದದಿಂದ.

75ರ ಅಮೃತ ಮಹೋತ್ಸವದ ಕೊನೆಗೆ, 2023ರ ಆಗಸ್ಟ್‌ನಲ್ಲಿ, ಮತ್ತೆ ಕಲ್ಲು ಬಂತು. ಈ ಸಲ ಬ್ಲಾಕಿಗಲ್ಲ, ಗ್ರಾಮ ಪಂಚಾಯಿತಿಗಳಿಗೇ ಶಿಲಾಫಲಕ. 1972ರ ಕಲ್ಲು ತಾಲೂಕು ಊರಿನಲ್ಲಿ ನಿಂತಿತ್ತು. ಹೊಸದು ಹಳ್ಳಿಯವರೆಗೆ ಬಂದಿದೆ. ಆದರೆ ಆ ರೊಟ್ಟಿ ಬಡಿದವಳನ್ನು ನೆನಪಿಟ್ಟಿದ್ದ ತಲೆಮಾರು ಅಷ್ಟರಲ್ಲಿ ಹೆಚ್ಚುಕಡಿಮೆ ಮುಗಿದಿತ್ತು. ಪಟ್ಟಿ ಬರೆಯುವವರು ಅವಳ ಹೆಸರನ್ನು ಯಾರಲ್ಲಾದರೂ ಕೇಳಿ ತಿಳಿಯುವ ಅವಕಾಶವಿದ್ದದ್ದು 1972ರಲ್ಲಿ.