ನೆಲದಿಂದ ನಡುವಿನವರೆಗೆ: ಕ್ವಾಡ್ ಬೈಕ್ ಸವಾರಿ ಮತ್ತು ಬೆನ್ನುನೋವು

ಕೊಡಗಿನ ರೆಸಾರ್ಟುಗಳಲ್ಲಿ ಪ್ರವಾಸಿಗರು ಅರ್ಧ ಗಂಟೆಯ ಮೋಜಿಗೆ ಏರುವ ಎಟಿವಿ, ನ್ಯೂಜಿಲೆಂಡಿನ ಕುರಿ ಸಾಕುವವರಿಗೆ ದಿನನಿತ್ಯದ ದುಡಿಮೆಯ ಗಾಡಿ. ಅಲ್ಲಿ ಅದನ್ನು ಕ್ವಾಡ್ ಬೈಕ್ ಎನ್ನುತ್ತಾರೆ. ಗುಡ್ಡದ ಹುಲ್ಲುಗಾವಲಿನಲ್ಲಿ ಬೇಲಿ ನೋಡುವುದಕ್ಕೂ ಮಂದೆ ಅಟ್ಟುವುದಕ್ಕೂ ಅದೇ ಬೇಕು. ಸೊಂಟನೋವು ಆ ರೈತರಲ್ಲಿ ಸಾಮಾನ್ಯ. ಒಟಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ ಸ್ಟೀಫನ್ ಮಿಲೊಸಾವ್ಲೆವಿಚ್ ಮತ್ತು ಸಂಗಡಿಗರು ಈ ಸವಾರರ ಮೈಗೆ ತಾಗುವ ಕಂಪನವನ್ನೂ ಆಘಾತವನ್ನೂ ಕೃಷಿ ಕೆಲಸದ ನಡುವೆಯೇ ಅಳೆದು ಅಧ್ಯಯನ ಮಾಡಿದ್ದಾರೆ. ಬೆನ್ನು ನೋಯುವವರು ಸಾಮಾನ್ಯವಾಗಿ ಮೊದಲು ಹುಡುಕುವುದು ಮೆತ್ತನೆಯ ಸೀಟನ್ನು. ಆದರೆ ಕುಲುಕು ನೆಲದಿಂದ ನಡುವಿಗೆ ಏರುವ ದಾರಿಯಲ್ಲಿ ಸೀಟು ಕಟ್ಟಕಡೆಯ ತಾಣ. ಪರಿಹಾರವನ್ನು ಅಲ್ಲಿಂದ ಆರಂಭಿಸುವುದು ತಪ್ಪು ಎಂಬುದು ನನ್ನ ವಾದ.

ಕೂತ ಮನುಷ್ಯನ ಮುಂಡಕ್ಕೂ ಒಂದು ಸಹಜ ಆವರ್ತನವಿದೆ. ಮೇಲೆ ಕೆಳಗೆ ಆಗುವ ಕಂಪನ ಸೆಕೆಂಡಿಗೆ 4ರಿಂದ 6 ಬಾರಿ ಬಂದರೆ ಬೆನ್ನುಮೂಳೆ ಅದರೊಡನೆ ಅನುರಣಿಸಿ, ಸೀಟಿಗಿಂತಲೂ ಜೋರಾಗಿ ಅಲುಗುತ್ತದೆ. ಇನ್ನು ಯಾವುದೇ ಸ್ಪ್ರಿಂಗು ತನ್ನ ಸಹಜ ಆವರ್ತನದ ಸುಮಾರು 1.4 ಪಟ್ಟಿಗಿಂತ ಮೇಲಿನ ಕಂಪನವನ್ನಷ್ಟೇ ತಗ್ಗಿಸಬಲ್ಲದು. ಅದರ ಕೆಳಗಿನದನ್ನು ಹೆಚ್ಚಿಸಿಯೇ ದಾಟಿಸುತ್ತದೆ. ಫೋಮ್ ಮೆತ್ತೆಯ ಮೇಲೆ ಮನುಷ್ಯ ಕೂತಾಗ ಆ ಜೋಡಿಯ ಆವರ್ತನ ಸುಮಾರು 4 ಹರ್ಟ್ಸ್. ಎಂಜಿನ್ನಿನ ಸಣ್ಣ ನಡುಕವನ್ನು ನುಂಗುವ ಮೆತ್ತೆಯೇ, ಬೆನ್ನಿಗೆ ಅತಿ ಹೆಚ್ಚು ಕೆಡುಕು ಮಾಡುವ ಕಂಪನವನ್ನು ದೊಡ್ಡದು ಮಾಡಿ ಒಪ್ಪಿಸುವುದು ಹೀಗೆ.

ಅಳತೆಯ ವಿಧಾನದಲ್ಲೂ ಒಂದು ತೊಡಕಿದೆ. ಐರೋಪ್ಯ ಒಕ್ಕೂಟದ 2002ರ ನಿರ್ದೇಶನ 8 ಗಂಟೆಯ ದುಡಿಮೆಗೆ ಹೊಂದಿಸಿದ ವೇಗೋತ್ಕರ್ಷವನ್ನು ಲೆಕ್ಕಕ್ಕೆ ಹಿಡಿಯುತ್ತದೆ: ಪ್ರತಿ ಸೆಕೆಂಡ್ ವರ್ಗಕ್ಕೆ 0.5 ಮೀಟರ್ ದಾಟಿದರೆ ಕ್ರಮ ಕೈಗೊಳ್ಳಬೇಕು, 1.15 ಮೀಟರ್ ದಾಟಲೇಬಾರದು. ಆದರೆ ಗುಡ್ಡದ ಸವಾರಿಯಲ್ಲಿ ನಯವಾದ ಹತ್ತು ನಿಮಿಷದ ನಡುವೆ ಒಂದು ಗುಂಡಿ ಬರುತ್ತದೆ, ಆ ಪೆಟ್ಟು ಸರಾಸರಿಯಲ್ಲಿ ಕರಗಿಹೋಗುತ್ತದೆ. ವೇಗೋತ್ಕರ್ಷದ ನಾಲ್ಕನೆಯ ಘಾತವನ್ನು ಕೂಡಿಸುವ ಕಂಪನ ಪ್ರಮಾಣದ ಲೆಕ್ಕ ಇಲ್ಲಿ ಹೆಚ್ಚು ನಂಬಲರ್ಹ. ಆ ಲೆಕ್ಕದಲ್ಲಿ ಕುಲುಕು ಇಮ್ಮಡಿಯಾದರೆ, ಅದೇ ಪ್ರಮಾಣದೊಳಗೆ ಉಳಿಯಲು ಸವಾರಿಯ ಅವಧಿ ಹದಿನಾರನೆಯ ಒಂದಕ್ಕೆ ಇಳಿಯಬೇಕು. ಬೆನ್ನುನೋವಿನವರು ಹೊತ್ತು ಕಡಿಮೆ ಮಾಡುವುದಕ್ಕಿಂತ ಮೊದಲು ವೇಗ ಇಳಿಸಬೇಕು, ಗುಂಡಿಗಳಿಲ್ಲದ ಜಾಡು ಹಿಡಿಯಬೇಕು.

ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಟೈರಿನ ಗಾಳಿ. ಕಾರಿನ ಟೈರಿಗೆ 30 ಪಿಎಸ್‌ಐ ಆಸುಪಾಸು ಬೇಕಾದರೆ ಇದಕ್ಕೆ ಸಾಮಾನ್ಯವಾಗಿ 4ರಿಂದ 7 ಸಾಕು. ಪೆಟ್ರೋಲ್ ಬಂಕಿನ ಮಾಪಕ ಇಷ್ಟು ಕಡಿಮೆ ಒತ್ತಡವನ್ನು ನೆಚ್ಚುವಂತೆ ತೋರಿಸುವುದಿಲ್ಲ. ಕಡಿಮೆ ಒತ್ತಡದ ಮಾಪಕವೇ ಬೇಕು. ಎರಡು ಪಿಎಸ್‌ಐ ಹೆಚ್ಚಾದರೂ ಟೈರು ಚೆಂಡಿನಂತೆ ಪುಟಿಯುತ್ತದೆ. ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಮಾಡಿದರೆ ರಿಮ್ಮಿನಿಂದ ಕಳಚುವ ಅಪಾಯವಿದೆ. ಆಮೇಲೆ ಶಾಕ್ ಅಬ್ಸಾರ್ಬರ್. ಹಿಂದೆ ಮೇವಿನ ಮೂಟೆ ಹೇರಲು ಬಿಗಿ ಮಾಡಿದ ಸ್ಪ್ರಿಂಗನ್ನು ಬರಿಗಾಡಿ ಓಡಿಸುವಾಗ ಸಡಿಲಿಸಲು ಮರೆಯುವುದುಂಟು. ಬಿಗಿ ಹೊಂದಿಸುವ ಬಳೆಯನ್ನು ತಿರುಗಿಸಲು ಕೆಲವೇ ನಿಮಿಷ ಸಾಕು. ಹಿಂದಿನ ಚಕ್ರಗಳೆರಡೂ ಒಂದೇ ಗಟ್ಟಿ ಆಕ್ಸಲ್ಲಿಗೆ ಸೇರಿದ ಗಾಡಿಯಲ್ಲಿ ಒಂದು ಚಕ್ರ ಕಲ್ಲು ಹತ್ತಿದರೆ ಹಿಂಬದಿ ಇಡಿಯಾಗಿ ವಾಲಿ, ಸೊಂಟ ಪಕ್ಕಕ್ಕೆ ಜಗ್ಗುತ್ತದೆ. ಹೊಸದು ಕೊಳ್ಳುವವರು ಹಿಂಬದಿ ಚಕ್ರಗಳಿಗೆ ಬಿಡಿಬಿಡಿಯಾದ ಸಸ್ಪೆನ್ಷನ್ ಇದೆಯೇ ಎಂದು ನೋಡುವುದು ಒಳ್ಳೆಯದು.

ಸವಾರನ ಬಳಿ ಇರುವ ಅತ್ಯುತ್ತಮ ಶಾಕ್ ಅಬ್ಸಾರ್ಬರ್ ಅವನ ಕಾಲುಗಳೇ. ಉಬ್ಬು ಕಂಡೊಡನೆ ಮೊಣಕಾಲು ತುಸು ಬಾಗಿಸಿ ಸೀಟಿನಿಂದ ಎದ್ದರೆ ಪೆಟ್ಟನ್ನು ತೊಡೆಯ ಸ್ನಾಯುಗಳು ಹೀರಿಕೊಳ್ಳುತ್ತವೆ. ಮಂದೆ ನೋಡಲು ಓಡುತ್ತಲೇ ಹಿಂದಕ್ಕೆ ತಿರುಗುವ ಅಭ್ಯಾಸ ಬಿಡಬೇಕು. ತಿರುಚಿದ ಬೆನ್ನಿಗೆ ಕುಲುಕು ತಾಗಿದರೆ ಡಿಸ್ಕಿಗೆ ಹೆಚ್ಚು ಹಾನಿ. ಬಹಳ ಹೊತ್ತು ಬಾಗಿ ಕೂತಾಗ ಬೆನ್ನುಮೂಳೆಯ ಹಿಂಬದಿಯ ಅಸ್ಥಿಬಂಧಗಳು ಹಿಗ್ಗಿರುತ್ತವೆ, ಕೂಡಲೇ ಬಿಗಿಗೊಳ್ಳುವುದಿಲ್ಲ. ಇಳಿದ ತಕ್ಷಣ ಕಂಬವನ್ನೋ ಕುರಿಮರಿಯನ್ನೋ ಎತ್ತದೆ ಕೆಲವು ನಿಮಿಷ ಅಡ್ಡಾಡುವುದು ಇದಕ್ಕಾಗಿಯೇ.

ಸೀಟಿನ ಮಾತು ಈಗ ಬರಬಹುದು. ದಪ್ಪ ಮೆತ್ತೆ ಸವಾರನ ತೂಕವನ್ನು ಮೇಲಕ್ಕೆತ್ತುತ್ತದೆ. ಇಳಿಜಾರಿನಲ್ಲಿ ಇಷ್ಟೇ ವ್ಯತ್ಯಾಸ ಗಾಡಿ ಮಗುಚಲು ಕಾರಣವಾಗಬಹುದು. ಮಗುಚಿದ ಗಾಡಿಯಡಿ ಸಿಕ್ಕಿ ಸತ್ತವರು ಹಲವರಾದದ್ದರಿಂದಲೇ ಆಸ್ಟ್ರೇಲಿಯಾ 2019ರಲ್ಲಿ ಸುರಕ್ಷತಾ ಮಾನದಂಡ ತಂದು, 2021ರಿಂದ ಕೃಷಿ ಬಳಕೆಯ ಹೊಸ ಕ್ವಾಡ್ ಬೈಕುಗಳಿಗೆ ಸವಾರನನ್ನು ಕಾಯುವ ಚೌಕಟ್ಟನ್ನು ಕಡ್ಡಾಯ ಮಾಡಿತು. ನೋವು ಕಳೆಯಲು ಹೋಗಿ ಜೀವಕ್ಕೆ ಕುತ್ತು ತಂದುಕೊಳ್ಳಬಾರದು. ಮೆತ್ತೆ ತೆಳ್ಳಗಿರಲಿ, ಗಟ್ಟಿಯಾಗಿರಲಿ.

ಮೂಳೆ ಸವೆತ ಇರುವವರ ವಿಷಯ ಬೇರೆ. ಅವರಲ್ಲಿ ಒಂದೇ ಜೋರಾದ ಕುಲುಕು ಕಶೇರುವನ್ನು ಅದುಮಿ ಮುರಿಯಬಲ್ಲದು, ಹಾಗಾಗಿ ಅವರಿಗೆ ಈ ಸವಾರಿ ಬೇಡ. ಉಳಿದವರು ಒರಗುಬೆನ್ನೂ ಬೆಲ್ಟೂ ಇರುವ, ಅಕ್ಕಪಕ್ಕ ಕೂತು ಓಡಿಸುವ ಗಾಡಿಗೆ ಬದಲಾಗಬಹುದು. ಅಲ್ಲಿ ತಿರುಚಾಟ ಕಡಿಮೆ. ಆದರೆ ಬೆಲ್ಟು ಕಟ್ಟಿಕೊಂಡವರು ಉಬ್ಬು ಬಂದಾಗ ಎದ್ದು ನಿಲ್ಲಲಾರರು. ಕಾಲುಗಳ ನೆರವು ತಪ್ಪಿದ ಆ ಸೀಟಿನಲ್ಲಿ ವೇಗವನ್ನು ಇನ್ನಷ್ಟು ಇಳಿಸಬೇಕಾಗುತ್ತದೆ.